ಮುನಿರಾಜಣ್ಣನ ಕಂಪ್ಯೂಟ್ರಿಗೆ ಹೊಸಾ ಹೆಸ್ರು

ಕೇಳ್ರಪ್ಪಾ, ಮೂಕಂಡಪಲ್ಲೀಲಿ ನಾನು ತಗೊಂಡಿರೋ ಜೆರಾಕ್ಸ್ ಅಂಗ್ಡಿ ಕಂಪ್ಯೂಟ್ರು ಮೊದ್ಲಿನ ಓನರ್ರು, ಸತ್ತೋದ ಮುನಿರಾಜಣ್ಣಂದು. ಯಾರು ಬ್ಲೂಟೂತಲ್ಲಿ ಫೈಲ್ ಕಳ್ಸಾಕೋದ್ರೂ ಫೋನಲ್ಲಿ ಅವನೆಸ್ರೇ ಬತ್ತದೆ. ಇವತ್ತೊಬ್ಳು ಫ್ಯಾಕ್ಟ್ರಿ ಹುಡ್ಗಿ, "ಅಣ್ಣಾ, ಸತ್ತೋರಿಗೆ ಕಳಿಸ್ಲಾ?" ಅಂದ್ಲು.

ಸೆಟ್ಟಿಂಗ್ಸ್‌ಗೋಗಿ ಆ ಹೆಸ್ರು ಅಳಿಸ್ದೆ. ಖುಷಿಯಾಗ್ಲಿ ಅಂತ ನನ್ನೆಂಡ್ತಿ ರತ್ನನ ಹೆಸ್ರು ಹಾಕಿ, ಅವಳ್ನೂ ಕರ್ದು ತೋರಿಸ್ದೆ. ರೀಸ್ಟಾರ್ಟ್ ಕೇಳ್ತು, ಒತ್ತಿದೆ. ಆನ್ ಆಗಿದ್ದೇ ತಡ, ಯಾರೂ ಮುಟ್ದೇನೇ ಪ್ರಿಂಟ್ರು ಗರಗರ ಅಂತು. ಒಂದು ಹಾಳೆ ಮೆಲ್ಲಗೆ ಈಚೆ ಬಂತು. ಮುನಿರಾಜಣ್ಣನ ಫೋಟೋ. ನಮ್ಮನ್ನೇ ನೋಡ್ತಾವ್ನೆ.

"ಅವನೇ ಯಾವಾಗ್ಲೋ ಕೊಟ್ಟಿದ್ದ ಪ್ರಿಂಟು, ಸಿಕ್ಕಾಕ್ಕೊಂಡಿತ್ತು ಕಣೇ," ಅಂದೆ. ಹಾಳೇನ ಬೋರಲು ಹಾಕ್ದೆ.

"ಸತ್ತೋನ ಜಾಗ್ದಾಗೆ ನನ್ನ ಕೂರಿಸ್ದಾ? ಮೊದ್ಲು ನನ್ನೆಸ್ರು ಕಿತ್ತಾಕಯ್ಯಾ!" ಅಂತ ಅತ್ಬುಟ್ಲು.

ದೇವ್ರೆಸ್ರು ಇಡಾನ ಅಂದ್ರೆ, "ದೇವ್ರನ್ನ ಸಾವಿನ್ಮನೇಗೆ ಕರೀತೀಯಾ?" ಅಂತಾಳೆ. ಖಾಲಿ ಬಿಟ್ರೆ ಕಂಪ್ಯೂಟ್ರು ಒಪ್ತಿಲ್ಲ. ಕೊನೇಗೆ ನನ್ನೆಸ್ರೇ ಹಾಕ್ದೆ.

ಈಗ 'ರೀಸ್ಟಾರ್ಟ್ ಈಗ್ಲಾ, ಆಮೇಲಾ' ಅಂತ ಕೇಳ್ತಾ ಕೂತೈತೆ. 'ಆಮೇಲೆ' ಅಂತ ಒಂದು ಬಟನ್ ಇಟ್ಟೋನ ಹೊಟ್ಟೆ ತಣ್ಣಗಿರ್ಲಿ ಕಣ್ರಪ್ಪಾ.