ಹಣೆಯ ಮೇಲಿನ ಹಾವು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ನಾನೊಮ್ಮೆ, ಕುರುಚಲು ಗಡ್ಡ ಬಿಟ್ಟುಕೊಂಡೇ, ಕುಂದಾಪುರದ ಒಬ್ಬ ಅತ್ತೆಯಾಗಿ ಫೋನಿನಲ್ಲಿ ಮಾತಾಡಿದ್ದೇನೆ. ಊರಿನ ಕರೆ ಅಂದಮೇಲೆ ಗರಗರ ಸದ್ದು ಬೇಕಲ್ಲ? ಅದಕ್ಕೆ ಚಾಕೊಲೇಟಿನ ಕಾಗದವನ್ನು ರಿಸೀವರಿನ ಹತ್ತಿರ ಹಿಡಿದು ಹಿಸುಕುತ್ತಿದ್ದೆ. ನನ್ನ ಸಂಶೋಧನೆಗೆ ಅಷ್ಟು ತಯಾರಿ ಮಾಡಿಕೊಂಡಿದ್ದರೆ ನಮ್ಮ ಪ್ರೊಫೆಸರು ಇನ್ನೂ ನಾಲ್ಕು ಕಾಲ ಸುಖವಾಗಿ ನಿದ್ದೆ ಮಾಡುತ್ತಿದ್ದರು.

ಇದಕ್ಕೆಲ್ಲ ಕಾರಣ ಈಜಿಪ್ಟಿನ ರಾಜ.

ನನ್ನ ಹಾಸ್ಟೆಲಿನಿಂದ ಸೈಕಲ್ ತುಳಿದರೆ ಸಿಗುವಷ್ಟು ದೂರದಲ್ಲಿ ಕುಂದಾಪುರ ಕಡೆಯ ಒಂದು ಸಂಸಾರವಿತ್ತು. ಗಂಡ ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ, ಒಬ್ಬಳೇ ಮಗಳು, ಎಂಟು ವರ್ಷ. ನಮಗೆ ನಂಟೇನೂ ಇಲ್ಲ. ಆದರೆ ಶನಿವಾರ ಬಿಸಿ ಅನ್ನ, ಮೀನು ಸಾರು ಬಡಿಸುವವರನ್ನು ಅಕ್ಕ, ಭಾವ ಎನ್ನದೆ ಇನ್ನೇನೆನ್ನಲಿ? ಊಟಕ್ಕೆ ಬದಲಾಗಿ ನಾನು ಮಿಮಿಕ್ರಿ ಬಡಿಸುತ್ತಿದ್ದೆ. ಬಸ್ ಡ್ರೈವರನ ಮುಂದೆ ಭಾವನ ಸ್ವೀಡಿಷ್ ತಡವರಿಸುವುದು. ಹಿಮ ಕಂಡೊಡನೆ ಅಕ್ಕ ಆಕಾಶಕ್ಕೇ ಬೈಯುವುದು. ಸೆಮಿನಾರಿನಲ್ಲಿ ಪ್ರಶ್ನೆ ಕೇಳಿದ ತಕ್ಷಣ ನಾನು ನೀರಿನ ಲೋಟಕ್ಕೆ ಕೈ ಹಾಕುವುದು. ಎಲ್ಲರೂ ಹೆಚ್ಚು ನಗುತ್ತಿದ್ದದ್ದು ಆ ಕೊನೆಯದಕ್ಕೇ.

ಆ ವಸಂತದಲ್ಲಿ ಹುಡುಗಿಯ ತರಗತಿಯಲ್ಲಿ ಹಳೆಯ ಈಜಿಪ್ಟಿನ ಪಾಠ. ಶುಕ್ರವಾರ ಅಪ್ಪ ಅಮ್ಮಂದಿರು ಫೀಕಾಕ್ಕೆ ಬರಬೇಕು, ಅಂದರೆ ಕಾಫಿ ಮತ್ತು ದಾಲ್ಚಿನ್ನಿ ಬನ್ನಿಗೆ. ಮಕ್ಕಳು ವೇಷ ಹಾಕಿ ತಮ್ಮ ತಮ್ಮ ಪಾತ್ರದ ಬಗ್ಗೆ ಹೇಳಬೇಕು. ಚೀಟಿ ಎತ್ತಿದಾಗ ಇವಳಿಗೆ ರಾಜ ಬಂದಿತ್ತು. ಪಕ್ಕದ ಡೆಸ್ಕಿನ ಹುಡುಗನಿಗೆ ಮಮ್ಮಿ, ಅಂದರೆ ಬಟ್ಟೆ ಸುತ್ತಿಟ್ಟ ಹೆಣ. ಅವನ ಮನೆಯಲ್ಲಿ ಟಾಯ್ಲೆಟ್ ಪೇಪರಿನಲ್ಲೇ ಕೆಲಸ ಮುಗಿದುಹೋಯಿತು.

‘ರಾಣಿ ಅಲ್ವೇನೇ?’ ಅಂದೆ.

‘ರಾಜ. ಅಲ್ಲಿ ಹೆಂಗಸು ಕೂಡ ರಾಜ ಆಗಿದ್ದಳು, ಮಾಮ. ಗಡ್ಡ ಕಟ್ಕೊಂಡು,’ ಅಂತ ಸ್ವೀಡಿಷ್‌ನಲ್ಲಿ ಹೇಳಿ, ನನ್ನ ಗಡ್ಡವನ್ನು ಒಮ್ಮೆ ನೋಡಿ, ‘ಅದು ಇದಕ್ಕಿಂತ ಚೆನ್ನಾಗಿತ್ತು’ ಅಂತ ಸೇರಿಸಿದಳು.

ಕಿರೀಟದ ಜವಾಬ್ದಾರಿ ನನ್ನದು ಅಂತ ಘೋಷಿಸಿದೆ. ಅವಳು ಲೈಬ್ರರಿಯಿಂದ ತಂದ ಚಿತ್ರಗಳ ಪುಸ್ತಕ ಬಿಡಿಸಿ ನನಗೇ ಪಾಠ ಶುರುಮಾಡಿದಳು. ಬಿಳಿಯದು ದಕ್ಷಿಣ ನಾಡಿನ ಕಿರೀಟ, ಬುಡ ಮೇಲಾದ ಸೋರೆಕಾಯಿಯ ಹಾಗೆ ಉದ್ದ. ಕೆಂಪನೆಯದು ಉತ್ತರದ್ದು, ಹಿಂದೆ ಕುರ್ಚಿಯ ಬೆನ್ನಿನಂತೆ ಎತ್ತರ, ಮುಂದೆ ಸುರುಳಿ ಸುತ್ತಿದ ಒಂದು ತಂತಿ. ಎರಡೂ ನಾಡು ಒಬ್ಬನ ಕೈಗೆ ಬಂದಾಗ ಎರಡನ್ನೂ ಒಂದರೊಳಗೊಂದು ಸೇರಿಸಿ ಇಟ್ಟುಕೊಂಡರಂತೆ. ‘ಒಂದನ್ನು ಬಿಟ್ಟರೆ ಆ ಕಡೆಯವರಿಗೆ ಬೇಜಾರಾಗಲ್ವಾ?’ ಅಂದಳು. ನಮ್ಮ ಕನ್ನಡ ಕೂಟದ ಅಧ್ಯಕ್ಷರ ಆಯ್ಕೆ ನೆನಪಾಗಿ ತಲೆಯಾಡಿಸಿದೆ.

ಇನ್ನೊಂದು ಮಾತು ನನಗೆ ಬಹಳ ಹಿಡಿಸಿತು. ಇಷ್ಟು ಅಗೆದರೂ ಆ ಕಿರೀಟಗಳಲ್ಲಿ ಒಂದೂ ಯಾರ ಕೈಗೂ ಸಿಕ್ಕಿಲ್ಲವಂತೆ, ಇರುವುದು ಬರೀ ಚಿತ್ರ ಮತ್ತು ಮೂರ್ತಿ. ಹಾಗಾದರೆ ನಾನು ಮಾಡಿದ್ದು ತಪ್ಪು ಅಂತ ಯಾರೂ ಸಾಬೀತು ಮಾಡುವ ಹಾಗಿಲ್ಲ!

ಕೊನೆಗೆ ಸುಲಭದ್ದೇ ಆರಿಸಿದೆವು: ಹಣೆಗೆ ಬಿಗಿದು ಎರಡೂ ಭುಜಕ್ಕೆ ಇಳಿಬಿಡುವ ಪಟ್ಟೆಪಟ್ಟೆ ಬಟ್ಟೆ. ಹಳೆಯ ಬೆಡ್‌ಶೀಟಿಗೆ ನೀಲಿ, ಹಳದಿ ಬಣ್ಣ ಬಳಿದೆ. ಭಾವ ನೋಡಿ, ‘ಇದು ಈಜಿಪ್ಟಾ, ಸ್ವೀಡನ್ನಿನ ಫುಟ್‌ಬಾಲ್ ಟೀಮಾ?’ ಅಂದರು.

‘ಈಗ ಹಾವು,’ ಅಂದಳು ಹುಡುಗಿ.

‘ಎಂತ ಹಾವು?’ ಅಡುಗೆಮನೆಯಿಂದ ಅಕ್ಕ ಬಂದರು.

ರಾಜನ ಹಣೆಯ ಮೇಲೆ ಹೆಡೆಯೆತ್ತಿದ ನಾಗರ ಇರಬೇಕು. ಅದು ದೇವಿ. ಶತ್ರು ಬಂದರೆ ಬೆಂಕಿ ಉಗುಳುತ್ತಾಳೆ. ಹುಡುಗಿ ಇಷ್ಟು ವಿವರಿಸುವುದರೊಳಗೆ ಅಕ್ಕನ ಮುಖ ಗಂಭೀರವಾಯಿತು. ಅವರ ಮನೆತನಕ್ಕೆ ನಾಗಬನವಿದೆ. ನಾಗನ ವಿಷಯದಲ್ಲಿ ತಮಾಷೆ ನಡೆಯುವುದಿಲ್ಲ.

‘ಬಟ್ಟೆ ಕಟ್ಕೋ, ಗಡ್ಡ ಕಟ್ಕೋ. ನಾಗನನ್ನ ಆಟದ ಸಾಮಾನು ಮಾಡೂದು ಬೇಡ.’

‘ಹಾವಿಲ್ಲದಿದ್ದರೆ ಅದು ರಾಜ ಅಲ್ಲ! ನಾನು ಟವೆಲ್ ಹೊದ್ದ ಹುಡುಗಿ ಆಗ್ತೀನಿ, ಎಲ್ಲರೂ ನಗ್ತಾರೆ!’ ಅವಳ ಕಣ್ಣು ತುಂಬಿತು. ಯಾವಾಗಲೂ ನನ್ನ ಕಾಲೆಳೆಯುವವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾವ ಎಂದಿನಂತೆ ಗೋಡೆ ನೋಡಿದರು. ಅಕ್ಕ ಕೊನೆಗೆ, ‘ಅತ್ತೆ ಹೂಂ ಅಂದ್ರೆ ನಂದೇನೂ ಇಲ್ಲ’ ಅಂದುಬಿಟ್ಟರು.

ಊರಿನಿಂದ ವಾರವಾರ ಸ್ಪೀಕರ್‌ಫೋನಿನಲ್ಲಿ ಕೇಳುತ್ತಿದ್ದ ಆ ಅತ್ತೆಯ, ಅಂದರೆ ಭಾವನ ಅಮ್ಮನ, ಸ್ವರ ನನಗೆ ಬಾಯಿಪಾಠವಾಗಿತ್ತು. ಮರುದಿನ ಸಂಜೆ ಅಕ್ಕನಿಗೆ ಫೋನ್ ಮಾಡಿ, ಕಾಗದ ಹಿಸುಕುತ್ತಾ ಶುರುಮಾಡಿದೆ.

‘ಹ್ವಾಯ್... ಉಂಡ್ಯಾ ಮಗಾ? ಸುಸ್ತಾಯ್ತಾ? ಆ ಹೆಣ್ಣು ಹಾವು ಇಟ್ಕಂಬ್ಲಿ ಬಿಡು...’

ಅಕ್ಕ ನಿಧಾನವಾಗಿ ಹೇಳಿದರು: ‘ಮದುವೆ ಆದಲ್ಲಿಂದ ಇವತ್ತಿನವರೆಗೆ ಅತ್ತೆ ನನ್ನನ್ನ ಉಂಡ್ಯಾ ಅಂತ ಕೇಳ್ಲಿಲ್ಲ ಮಾರಾಯ. ಸುಮ್ನೆ ಮನೆಗೆ ಬಾ.’

ಸ್ವರ ಸರಿಯಾಗಿತ್ತು, ಸ್ವಭಾವ ಕೈಕೊಟ್ಟಿತ್ತು. ಕಿವಿ ಹಿಂಡಿಸಿಕೊಳ್ಳಲು ಸಿದ್ಧನಾಗಿ ಹೋದೆ. ಆದರೆ ಅಕ್ಕ ಬಾಗಿಲು ತೆಗೆದವರೇ ನಗು ತಡೆಯಲಾರದೆ ಕುರ್ಚಿಯಲ್ಲಿ ಕೂತುಬಿಟ್ಟರು. ‘ಉಂಡ್ಯಾ ಮಗಾ ಅಂತೆ!’ ಅಂತ ಕಣ್ಣೊರೆಸಿಕೊಂಡರು. ನಕ್ಕಮೇಲೆ ಸ್ವಲ್ಪ ಸಡಿಲವೂ ಆದರು. ಹಾವು ಇರಬಹುದು, ಆದರೆ ಮರ್ಯಾದೆಯಿಂದ ಇರಬೇಕು: ನಮ್ಮ ಕಡೆ ಇರುವಂತೆ ತಲೆಯ ಹಿಂದಿನಿಂದ ಹೆಡೆ ಬಿಚ್ಚಿ, ಕೊಡೆಯ ಹಾಗೆ ನೆರಳಾಗಿ.

ನನಗಂತೂ ಖುಷಿಯೋ ಖುಷಿ. ರಟ್ಟು ಕತ್ತರಿಸಿ, ಚಿನ್ನದ ಬಣ್ಣದ ಕಾಗದ ಅಂಟಿಸಿ, ಐದು ಹೆಡೆ ಮಾಡಿಯೇಬಿಟ್ಟೆ. ಗುರುವಾರ ಸಂಜೆ ಅವಳ ತಲೆಗೆ ಕಟ್ಟಿ ಕನ್ನಡಿಯ ಮುಂದೆ ನಿಲ್ಲಿಸಿದೆ. ನೈಲ್ ನದಿ ಸುಬ್ರಹ್ಮಣ್ಯದ ಪಕ್ಕದಲ್ಲೇ ಹರಿದಿದ್ದರೆ ರಾಜರು ಹೀಗೇ ಇರುತ್ತಿದ್ದರೋ ಏನೋ.

‘ಈಗ ಚೆಂದ,’ ಅಂದರು ಅಕ್ಕ, ಕೈಮುಗಿಯುವುದೊಂದು ಬಾಕಿ.

ಹುಡುಗಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಸ್ವೀಡಿಷ್‌ನಲ್ಲೇ ಉತ್ತರಿಸುವವಳು, ಈ ಸಲ ಅಮ್ಮನಿಗೆ ತಪ್ಪದೆ ಅರ್ಥವಾಗಲಿ ಅಂತ ಕನ್ನಡದಲ್ಲೇ ಹೇಳಿದಳು:

‘ಶತ್ರು ಬರೋದು ಮುಂದಿನಿಂದ ಅಮ್ಮಾ. ಹಿಂದೆ ಕೂತು ಬೆಂಕಿ ಉಗುಳಿದ್ರೆ ಸುಡೋದು ನನ್ನ ಜಡೆ.’