ಖಾಲಿ ಬಂದ ಬೋಗುಣಿ

ಗೋದಿಹುಗ್ಗಿ ತುಂಬಿ ಕೊಟ್ಟಿದ್ದ ಸ್ಟೀಲಿನ ಬೋಗುಣಿ ನಮ್ಮ ಕಟ್ಟೆಗೆ ಖಾಲಿಯಾಗಿ ಮರಳಿ ಬಂದಿತ್ತು. ನಿಮಗಿದು ಸಣ್ಣ ಸಂಗತಿ ಎನಿಸಬಹುದು. ಆದರೆ ನಮ್ಮ ಸಿಂಧನೂರಿನ ಓಣಿಯಲ್ಲಿ ಕೊಟ್ಟ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ, ತಳದಲ್ಲಿ ಚಿಟಿಕೆ ಸಕ್ಕರೆಯಾದರೂ ಇರಬೇಕು. ಇಪ್ಪತ್ತು ವರ್ಷಗಳಿಂದ ನೆರೆಯವಳಾದ ಪಾರ್ವತಿ ಒಳಗೆ ಬಾರದೆ, ಕೂಗದೆ, ಅದನ್ನು ಇಟ್ಟು ಹೋದದ್ದನ್ನು ಕಿಟಕಿಯಿಂದ ಕಂಡೆ. ನನ್ನ ಹುಗ್ಗಿ ಅವಳಿಗೆ ಹೀನಾಯವಾಯಿತೆಂದುಕೊಂಡು ಎಂಟು ದಿನ ಅತ್ತ ಮುಖ ಹಾಕಲಿಲ್ಲ. ನಳಕ್ಕೆ ನೀರು ಬಂದದ್ದು, ಮೊಣಕಾಲು ನೋಯದೆ ಇದ್ದದ್ದು, ಇಂಥ ಶಿವನ ಕರುಣೆಗಳನ್ನೆಲ್ಲ ಪೂಜೆಯಲ್ಲಿ ನೆನೆಯುವ ನಾನು, ಆ ಎಂಟು ದಿನ ಪಾರ್ವತಿಯೆಂಬ ಕರುಣೆಯನ್ನು ನೆನೆಯಲಿಲ್ಲ.

ಮಗಳು ಸಮಾಜಶಾಸ್ತ್ರದಲ್ಲಿ ಎಂಎ ಓದುತ್ತಿದ್ದಾಳೆ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಪಾಠ ಒಪ್ಪಿಸುವುದು ಅವಳ ರೂಢಿ. ಅಂದಿನ ಪಾಠ ಇದು: ಕಲ್ಲು ಬಿದ್ದದ್ದನ್ನು ತಿಳಿಯಲು ಅದರ ಕಾರಣ ಸಿಕ್ಕರೆ ಸಾಕು. ಆದರೆ ಮನುಷ್ಯ ಮಾಡಿದ್ದನ್ನು ತಿಳಿಯಬೇಕಾದರೆ ಅವನು ಅದರಲ್ಲಿ ಇಟ್ಟ ಅರ್ಥವನ್ನೂ ಹುಡುಕಬೇಕು ಎಂದು ಜರ್ಮನಿಯ ಪಂಡಿತರು ವಾದಿಸಿದ್ದರಂತೆ.

“ಅವ್ವಾ, ಪಾರ್ವತಕ್ಕ ಯಾಕ ಹಂಗ ಮಾಡಿದ್ಲು ಅಂತ ಕೇಳೀಯೇನು?”

“ಕೇಳೋದೇನೈತಿ? ಕಣ್ಣಿಗೆ ಕಾಣಾಕತ್ತೈತಲ್ಲ.”

“ಕಂಡಿದ್ದು ಬೋಗುಣಿ. ಅರ್ಥ ನಿಂದು.”

ಈ ಮಾತು ಒಗ್ಗರಣೆಯ ಸಾಸಿವೆಯಂತೆ ಸಿಡಿಯಿತು. ಒಲೆ ಆರಿಸಿ ಹೋದೆ. ಪಾರ್ವತಿ ಅಕ್ಕಿ ಆರಿಸುತ್ತಿದ್ದಳು.

“ಬೋಗುಣಿ ಯಾಕ ಖಾಲಿ ಕೊಟ್ಟಿ?” ಎಂದು ನೇರವಾಗಿ ಕೇಳಿದೆ.

“ಮತ್ತೇನ್ಮಾಡ್ಲಿ ಅಕ್ಕ? ತುರ್ವಿಹಾಳದಾಗ ನಮ್ಮ ಮನಿಯಾರ ಕಕ್ಕ ತೀರಿಕೊಂಡ್ರು. ಸೂತಕದ ಮನಿಯಿಂದ ಸಕ್ಕರಿ ಹೆಂಗ ಕೊಡ್ಲಿ? ನಿಮ್ಮ ಮನಿಯಾರಿಗೆ ಹೇಳಿದ್ವಲ್ಲ.”

ನಮ್ಮವರು ಹೇಳಲು ಮರೆತಿದ್ದರು. ಲಿಂಗ ಕಟ್ಟಿದ ನಮ್ಮ ಮನೆಯಲ್ಲಿ ಸೂತಕವೆಂಬುದೇ ಇಲ್ಲವಾದ್ದರಿಂದ, ಅವಳ ಮನೆಯಲ್ಲಿ ಅದು ಇರಬಹುದೆಂಬುದು ನನಗೆ ಹೊಳೆಯಲೇ ಇಲ್ಲ. ನನ್ನ ಮನೆಯ ಪದ್ಧತಿಯಿಂದ ಅವಳ ಮನಸ್ಸನ್ನು ಓದಿದ್ದೆ.

ಪಾರ್ವತಿ ಮುಂದುವರಿಸಿದಳು: “ಎಂಟು ದಿನ ನೀ ಬರಲಿಲ್ಲಲ್ಲ, ಭಾಳ ಹಿಡಿಸ್ತು ನನಗ. ತಮ್ಮಲ್ಲಿ ಇಲ್ಲದಿದ್ರೂ ನಮ್ಮ ಸೂತಕಕ್ಕ ಮರ್ಯಾದಿ ಕೊಟ್ಟಾಳ ನಮ್ಮಕ್ಕ, ಅಂದ್ಕೊಂಡೆ.”

ನೋಡಿ, ತಪ್ಪು ಓದಿದವಳು ಅವಳೂ ಹೌದು. ನಾನು ಅವಳನ್ನು ಕೆಟ್ಟವಳೆಂದು ಓದಿದ್ದೆ, ಅವಳು ನನ್ನನ್ನು ಒಳ್ಳೆಯವಳೆಂದು. ಆ ಒಳ್ಳೆಯತನವನ್ನು ಸುಮ್ಮನೆ ಇಟ್ಟುಕೊಳ್ಳಬಹುದಿತ್ತು. ಆದರೆ ಅದು ನನ್ನದಾಗಿರಲಿಲ್ಲ.

“ಇಲ್ಲವ್ವ. ನಾ ನಿನ್ನ ಮ್ಯಾಲ ಸಿಟ್ಟಾಗಿದ್ದೆ.”

ಅವಳು ಅಕ್ಕಿಯ ಮೊರ ಕೆಳಗಿಟ್ಟು ನನ್ನನ್ನೇ ದಿಟ್ಟಿಸಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

“ಎಂಟು ದಿನದ ಸಿಟ್ಟು ದಂಡ ಆತಲ್ಲಬೇ ಅಕ್ಕ! ನನಗ ಗೊತ್ತೇ ಆಗಲಿಲ್ಲ.”