ಜೋಡಿ ಕಟ್ಟಿದ ಕಾಯಿ

ಬುಟನ್ ಎಂಬ ದೊಡ್ಡ ದ್ವೀಪದ ಪಕ್ಕದ ಒಂದು ಪುಟ್ಟ ದ್ವೀಪದಲ್ಲಿ ಯಾರಾದರೂ ಕಡಲಲ್ಲಿ ಕಾಣೆಯಾದರೆ ಜನ ಮೊದಲು ಓಡುತ್ತಿದ್ದುದು ಲಾ ಸಹಿದಿಯ ಮನೆಗೆ. ಮುದುಕ ಮಹಾ ಮುಂಗೋಪಿ. "ಎಷ್ಟು ಜನ?" ಎಂದಷ್ಟೇ ಕೇಳಿ, ತಲೆಗೊಂದರಂತೆ ತೆಂಗಿನಕಾಯಿ ಆರಿಸುತ್ತಿದ್ದ. ಕಾಯಿ ತೇಲಿದ ದಾರಿಯಲ್ಲೇ ಮನುಷ್ಯನೂ ತೇಲಿರುತ್ತಾನೆ ಎಂಬುದು ಅವನ ಲೆಕ್ಕ. ಒಣಗಿದ ಕಾಯಿ ಗಾಳಿ ಹೇಳಿದಂತೆ ಕೇಳುತ್ತದೆ. ಮನುಷ್ಯನಂತೆ ನೆತ್ತಿಯಷ್ಟೇ ಮೇಲಿಟ್ಟು ತೇಲುವ ಭಾರದ ಹಸಿಕಾಯಿಯೇ ಬೇಕು. ದೋಣಿ ಮಗುಚಿದ ಜಾಗದಲ್ಲಿ ಅವನ್ನು ಒಟ್ಟಿಗೆ ಬಿಟ್ಟು, ಒಂದೊಂದರ ಹಿಂದೆ ಒಂದೊಂದು ದೋಣಿ ಕಳಿಸುತ್ತಿದ್ದ. ಹಾಗೆ ಹನ್ನೊಂದು ಜನರನ್ನು ಜೀವಂತ ತಂದಿದ್ದ. ಸ್ವಂತ ಮನೆಯ ಸೂರು ಸೋರುತ್ತಿದ್ದರೂ ಏಣಿ ಹತ್ತಿದವನಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹೆಂಡತಿ ಬದುಕಿರುವವರೆಗೂ ಹಂಗಿಸಿದಳು.

ಕಾಯಿಗಳು ಜೊತೆಯಾಗಿ ಉಳಿಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೊದಮೊದಲು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಗೇಣು ಅಂತರ ಬಿತ್ತೆಂದರೆ ಮುಗಿಯಿತು. ಒಂದನ್ನು ಒಂದು ಸುಳಿ ಎಳೆದರೆ ಇನ್ನೊಂದನ್ನು ಮತ್ತೊಂದು. ದೂರವಾದಷ್ಟೂ ದೊಡ್ಡ ಸುಳಿಗಳ ಕೈಗೆ ಸಿಕ್ಕಿ ಇನ್ನೂ ಬೇಗ ಅಗಲುತ್ತವೆ. ಸಂಜೆಗೆ ಕೂಗಳತೆ, ಮರುದಿನ ಕಣ್ಣಿಗೂ ಕಾಣದಷ್ಟು ದೂರ. "ಕಡಲಿಗೆ ನಿಮ್ಮ ನೆಂಟಸ್ತಿಕೆ ಏನ್ ಗೊತ್ತ್ರೋ, ಕತ್ತೆಗಳಾ!" ಎಂದು ದೋಣಿಯವರಿಗೆ ಬೈದು ಕಲಿಸುತ್ತಿದ್ದ.

ಆ ವರ್ಷ ಪಡುಗಾಳಿಯ ತಿಂಗಳಲ್ಲಿ ಅವನ ಮಗ ಲಾ ಮಾನಿ ಮತ್ತು ಅಳಿಯ ಲಾ ತಾರು ಹೋದ ದೋಣಿ ಒಡೆಯಿತು. ಇಬ್ಬರೂ ಒಂದೇ ಹಲಗೆ ಹಿಡಿದು ತೇಲುತ್ತಿದ್ದುದನ್ನು ಇನ್ನೊಂದು ದೋಣಿಯವರು ಕಂಡಿದ್ದರು, ಅಲೆಯ ಹೊಡೆತಕ್ಕೆ ಹತ್ತಿರ ಹೋಗಲಾಗಿರಲಿಲ್ಲ. ಮುದುಕ ಎರಡು ಕಾಯಿ ಆರಿಸಿದ. ಮಗಳು ವಾ ಇಂದಾ, ತಾರುವಿನ ಹೆಂಡತಿ, ಅವನ ಕೈ ಹಿಡಿದಳು.

"ಬೇರೆ ಬೇರೆ ಬಿಡ್ಬೇಡಪ್ಪಾ. ಅವರದು ಒಂದು ತೋಳು ಮೊದಲೇ ಮುರಿದಿದ್ದು ನಿಂಗೇ ಗೊತ್ತು. ಅಣ್ಣ ಅವರ ಕೈ ಬಿಡಲ್ಲ."

"ಕಡಲು ಹಂಗೆಲ್ಲಾ ಕೇಳಲ್ಲ ಕಣೇ."

"ಹಂಗಾದ್ರೆ ಅವರು ಸತ್ರು ಅಂತಲೇ ಹೇಳ್ಬಿಡು!"

ಹೀಗೇ ಬೇಡಿದ ಊರಿನ ಎಷ್ಟೋ ಹೆಂಗಸರ ಎದುರು ಕಲ್ಲಿನಂತೆ ನಿಂತವನಿಗೆ ಮಗಳ ಮುಖ ನೋಡಲಾಗಲಿಲ್ಲ. ಎರಡೂ ಕಾಯಿಗಳನ್ನು ಹಗ್ಗದಿಂದ ಬಿಗಿದ. ಇದ್ದ ನಾಲ್ಕು ದೋಣಿಗಳೂ, ಮುದುಕನನ್ನೂ ಹೊತ್ತು, ಆ ಒಂದೇ ಜೋಡಿಯ ಹಿಂದೆ ಬಡಗಲಿಗೆ ಹೋದವು.

ಮೂರನೆಯ ದಿನ ಲಾ ಮಾನಿ ಸಿಕ್ಕಿದ. ಹಲಗೆಯ ಮೇಲೆ ಅವನೊಬ್ಬನೇ. ತುಟಿ ಒಡೆದು ಮಾತು ಕಷ್ಟದಿಂದ ಹೊರಡುತ್ತಿತ್ತು.

"ತಾರು ಸಿಕ್ಕಿದ್ನಾ? ಮೊದಲ್ನೇ ದಿನವೇ ಅಲೆ ಕಿತ್ಕೊಂಡು ಹೋಯ್ತಪ್ಪಾ. ಒಂದು ಮಾರು ದೂರದಲ್ಲೇ ಇದ್ದ. ಆಮೇಲೆ ಕೂಗು ಮಾತ್ರ ಕೇಳ್ತಿತ್ತು."

ಬಡಗಲಲ್ಲಿ ತಾರು ಕಂಡಿರಲಿಲ್ಲ, ದೋಣಿಗಳು ತೆಂಕಲಿಗೆ ತಿರುಗಿದವು. ನಾಲ್ಕನೆಯ ದಿನ ಮಧ್ಯಾಹ್ನ ಪಕ್ಕದ ದ್ವೀಪದ ಬೆಸ್ತರು ಎದುರಾದರು. ಅವರ ದೋಣಿಯಲ್ಲಿ ಲಾ ತಾರುವಿನ ಹೆಣವಿತ್ತು. ಒಡೆದ ದೋಣಿಯ ಎಣ್ಣೆಡಬ್ಬಿಗೆ ಅವನು ತನ್ನನ್ನೇ ಕಟ್ಟಿಕೊಂಡಿದ್ದ.

"ಬೆಳಿಗ್ಗೆ ನಮ್ಮನ್ನ ನೋಡಿ ಕೈ ಎತ್ತಿದ್ದ, ಅಜ್ಜ. ಹತ್ರ ಹೋಗೋಷ್ಟ್ರಲ್ಲಿ ಉಸಿರಿರಲಿಲ್ಲ," ಎಂದ ಅವರಲ್ಲಿ ಹಿರಿಯ.

ಮುದುಕ ಆ ಮಾತನ್ನು ಮನೆಯಲ್ಲಿ ಮುಚ್ಚಿಡಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಮಗಳ ಮುಂದೆ ಕೂತು ಎಲ್ಲವನ್ನೂ ಹೇಳಿ, "ತಪ್ಪು ನಂದೇ ಮಗಳೇ," ಎಂದು ಅತ್ತ.

ವಾ ಇಂದಾ ಮುಖ ಒರೆಸಿಕೊಂಡು ಅವನತ್ತ ತಿರುಗಿದಳು.

"ಕಟ್ಟು ಅಂದಿದ್ದು ನಾನು. ನಂಗೇನು ಗೊತ್ತಿತ್ತು? ನಿಂಗೆ ಗೊತ್ತಿತ್ತಲ್ಲಪ್ಪಾ."